ಕಪ್ಪು-ಬಸಿಗಳ ತವರೂರಿನಲ್ಲಿ

ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ ವಾಯವ್ಯ ದಿಕ್ಕಿಗೆ ಒಂದೂವರೆ ಗಂಟೆಯ ಪ್ರಯಾಣ ಮಾಡಿದರೆ ಸ್ಟೋಕ್-ಆನ್-ಟ್ರೆಂಟ್ ಎಂಬ ಊರು ಸಿಗುತ್ತದೆ. ಪ್ರವಾಸಿಗಳು ಅಲ್ಲಿ ಇಳಿಯುವುದು ಕಡಮೆ. ಅವರು ಮುಂದೆ ಮ್ಯಾಂಚೆಸ್ಟರಿಗೆ ಹೋಗುತ್ತಾರೆ. ಇಲ್ಲವೆ ಸರೋವರಗಳ ಸೀಮೆಯನ್ನು ಹುಡುಕಿಕೊಂಡು ಇನ್ನೂ ಉತ್ತರಕ್ಕೆ ಸಾಗುತ್ತಾರೆ. 2023ರ ಮೇ ತಿಂಗಳಿನಲ್ಲಿ ನಾನು ಅಲ್ಲಿ ಇಳಿದದ್ದಕ್ಕೆ ಮುಖ್ಯ ಕಾರಣ ನಮ್ಮ ಮಗಳು ಅಳಿಯ ಆ ಊರಿನಲ್ಲಿ ಮನೆ ಮಾಡಿರುವುದು. ಎರಡನೆಯ ಕಾರಣ ನನ್ನ ತೊಡೆಯ ಮೇಲೆಯೇ ಇತ್ತು. ಬೆಂಗಳೂರಿನಿಂದ ಅಲ್ಲಿಯವರೆಗೆ ಯಾರ ಕೈಗೂ ಕೊಡದೆ ತಂದಿದ್ದ ಒಂದು ಚೀಲ. ಅದರೊಳಗೆ ನಮ್ಮ ತಂದೆಯವರ ಹಳೆಯ ಪಂಚೆಗಳನ್ನು ಹರಿದು ಒಂದೊಂದಾಗಿ ಸುತ್ತಿಟ್ಟ ಹತ್ತೊಂಬತ್ತು ಪಿಂಗಾಣಿ ಸಾಮಾನುಗಳು. ಅವುಗಳನ್ನು ಮಾರಿಬರಬೇಕೆಂದು ನಾನು ಹೊರಟಿದ್ದೆ. ಇಂಗ್ಲೆಂಡಿಗೆ ಪಿಂಗಾಣಿ ಹೊತ್ತುಕೊಂಡು ಹೋಗುವುದೆಂದರೆ ಸಮುದ್ರಕ್ಕೆ ಉಪ್ಪು ಒಯ್ದಂತೆ ಎಂದು ನನ್ನಾಕೆ ವಿಮಾನ ಹತ್ತುವವರೆಗೂ ಹೇಳುತ್ತಲೇ ಇದ್ದಳು.

ನಿಲ್ದಾಣದಿಂದ ಹೊರಗೆ ಬಂದೊಡನೆ ಎದುರಿಗೆ ಜೊಸಾಯ ವೆಜ್‌ವುಡ್ಡನ ಕಂಚಿನ ವಿಗ್ರಹ ಕಾಣುತ್ತದೆ. 1863ರಲ್ಲಿ ನಿಲ್ಲಿಸಿದ್ದು. ಕೈಯಲ್ಲಿ ಒಂದು ಹೂದಾನಿಯನ್ನು ಹಿಡಿದು ಅದನ್ನೇ ನೋಡುತ್ತ ನಿಂತಿದ್ದಾನೆ. ರಾಜರ, ಸೇನಾಪತಿಗಳ ವಿಗ್ರಹಗಳಿಂದ ತುಂಬಿದ ಆ ದೇಶದಲ್ಲಿ ರೈಲಿನಿಂದ ಇಳಿದವರನ್ನು ಒಬ್ಬ ಕುಂಬಾರ ಎದುರುಗೊಳ್ಳುವುದು ನನಗೆ ಬಹಳ ಹಿಡಿಸಿತು. ಕುಂಬಾರರ ಮನೆಯಲ್ಲಿ 1730ರಲ್ಲಿ ಹುಟ್ಟಿ, ಕಾಯಿಲೆಯಿಂದ ಕೆಟ್ಟ ಒಂದು ಕಾಲನ್ನು 1768ರಲ್ಲಿ ಕತ್ತರಿಸಿಕೊಂಡು, ಮರದ ಕಾಲಿನಲ್ಲೇ ಕಾರ್ಖಾನೆಯನ್ನು ನಡೆಸಿದ ಮನುಷ್ಯ ಇವನು. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನಿಗೆ ತಾಯಿಯ ಕಡೆಯ ತಾತ.

ಸ್ಟೋಕ್ ಎಂದರೆ ಒಂದು ಊರಲ್ಲ, ಆರು ಊರು. ಟನ್‌ಸ್ಟಾಲ್, ಬರ್ಸ್‌ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರೂ ಬೇರೆ ಬೇರೆಯಾಗಿದ್ದು 1910ರಲ್ಲಿ ಒಂದುಗೂಡಿದವು. 1925ರಲ್ಲಿ ನಗರವೆಂಬ ಪದವಿ ಬಂತು. ಆ ಸೀಮೆಯ ಕಾದಂಬರಿಕಾರ ಆರ್ನಲ್ಡ್ ಬೆನೆಟ್ ತನ್ನ ಕಥೆಗಳಲ್ಲಿ ಅವುಗಳನ್ನು ‘ಐದು ಊರು’ಗಳೆಂದು ಕರೆದು ಫೆಂಟನ್ನನ್ನು ಕೈಬಿಟ್ಟುಬಿಟ್ಟ. ಆತ ತೀರಿಕೊಂಡದ್ದು 1931ರಲ್ಲಿ. ಫೆಂಟನ್ನಿನವರ ಕೋಪ ಇನ್ನೂ ಇಳಿದಿಲ್ಲವಂತೆ. ಈ ಆರು ಊರುಗಳಿಗೂ ಸೇರಿ ‘ಪಾಟರೀಸ್’ ಎಂದೇ ಹೆಸರು. ನಮ್ಮಲ್ಲಿಯಾದರೆ ಕುಂಬಾರಪೇಟೆ ಎನ್ನುತ್ತಿದ್ದೆವು.

ಇನ್ನು ಚೀಲದ ಕಥೆ. ಅದಕ್ಕೆ ವಾಚಕರು ನನ್ನೊಡನೆ 1960ರ ಚಾಮರಾಜಪೇಟೆಗೆ ಬರಬೇಕು.

ನಮ್ಮ ತಂದೆಯವರನ್ನು ನಾವು ‘ಅಣ್ಣ’ ಎಂದು ಕರೆಯುತ್ತಿದ್ದೆವು. ಅವರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ದಂಡಿನ ಪ್ರದೇಶದಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ಮನೆ ಮುಚ್ಚಿ ಸ್ವದೇಶಕ್ಕೆ ಹೊರಡುವಾಗ ಸಾಮಾನುಗಳನ್ನೆಲ್ಲ ಹರಾಜಿಗೆ ಹಾಕಿದ್ದ. ಎಂದೂ ದುಂದು ಮಾಡದ ಅಣ್ಣ ಅಲ್ಲಿ ಅರವತ್ತು ರೂಪಾಯಿ ಕೊಟ್ಟು ಒಂದು ಟೀ ಸೆಟ್ಟು ಕೊಂಡುಬಂದರು. ಆರು ಕಪ್ಪು, ಆರು ಬಸಿ, ಆರು ಸಣ್ಣ ತಟ್ಟೆ, ಒಂದು ದೊಡ್ಡ ತಟ್ಟೆ, ಹಾಲಿನ ಜಗ್ಗು, ಸಕ್ಕರೆಯ ಬಟ್ಟಲು: ಒಟ್ಟು ಇಪ್ಪತ್ತೊಂದು. ಹೂವಿನ ಎಸಳಿನಂತೆ ಆರು ಮಡಿಕೆಗಳಾಗಿ ಅಲೆಯಾಡುವ ಅಂಚು, ಅದಕ್ಕೊಂದು ನೀಲಿ ಗೆರೆ, ಮೈಮೇಲೆ ಸಾಸಿವೆ ಚೆಲ್ಲಿದಂತೆ ನೀಲಿ ಹೂಗಳು. ಜಟಕಾದಿಂದ ಇಳಿಸಿದ ಹುಲ್ಲಿನ ಪೆಟ್ಟಿಗೆಯನ್ನು ಅಣ್ಣ ಅಮ್ಮನ ಮುಂದೆ ಬಿಚ್ಚಿದರು. ಅಮ್ಮ ಒಂದು ಮಾತನ್ನೂ ಆಡಲಿಲ್ಲ. ಒಂದು ಕಪ್ಪನ್ನು ಎತ್ತಿಕೊಂಡು ಎರಡು ಕೈಗಳಲ್ಲಿಯೂ ಹಿಡಿದು ಕುಳಿತಳು. ಮದುವೆಯಾದ ಮೇಲೆ ಅವಳಿಗೆಂದೇ ಮನೆಗೆ ಬಂದ ಮೊದಲನೆಯ ವಸ್ತು ಅದಾಗಿತ್ತೆಂದು ಬಹಳ ವರ್ಷಗಳ ಅನಂತರ ಅಕ್ಕ ನನಗೆ ಹೇಳಿದಳು.

ಆಗ ನನಗೆ ಹತ್ತು ವರ್ಷ. ಇಂಗ್ಲಿಷು ಕಲಿಯಲು ತೊಡಗಿ ನಾಲ್ಕು ತಿಂಗಳಾಗಿತ್ತು; ಕಂಡ ಕಂಡ ಅಕ್ಷರಗಳನ್ನೆಲ್ಲ ಓದುವ ಹುಚ್ಚು. ಒಂದು ಬಸಿಯನ್ನು ಮಗುಚಿದರೆ ತಳದಲ್ಲಿ ಹಸುರು ಬಣ್ಣದ ಬರಹ. ಜಗುಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ, “ಅದೇನೋ ಬರೆದಿದೆ? ಓದು, ಕೇಳೋಣ” ಎಂದರು. ನಾನು ಬಹಳ ಉತ್ಸಾಹದಿಂದ ಓದಿದೆ: ಫೈನ್ ಬೋನ್ ಚೈನಾ, ಷೆಲ್ಲಿ, ಇಂಗ್ಲೆಂಡ್. ಅಜ್ಜಿ ಅರ್ಥ ಕೇಳಿದರು. ನಾಯಿ ಎಲುಬು ಕಚ್ಚಿಕೊಂಡು ಹೊಳೆ ದಾಟುವ ಕಥೆ ಆ ವಾರವಷ್ಟೆ ಶಾಲೆಯಲ್ಲಿ ಪಾಠವಾಗಿತ್ತು. “ಫೈನ್ ಅಂದರೆ ಚೆನ್ನಾಗಿರುವುದು, ಬೋನ್ ಅಂದರೆ ಎಲುಬು, ಚೈನಾ ಅಂದರೆ ಚೀನಾ ದೇಶ. ಚೀನಾ ದೇಶದ ಒಳ್ಳೆಯ ಎಲುಬು, ಅಜ್ಜಿ!”

ಅಜ್ಜಿಯ ಕೈಯಲ್ಲಿದ್ದ ಬತ್ತಿ ಹಾಗೆಯೇ ನಿಂತಿತು. ಅದು ಬರಿಯ ಹೆಸರು, ನಿಜವಾದ ಎಲುಬಲ್ಲ ಎಂದು ಅಣ್ಣ ಎಷ್ಟೋ ಹೇಳಿದರು. “ಹೆಸರಿಟ್ಟವರಿಗೆ ಬೇರೆ ಹೆಸರು ಸಿಗಲಿಲ್ಲವೇನಪ್ಪ?” ಎಂದು ಅಜ್ಜಿ ಕೇಳಿದರು. ಮಾತು ಅಲ್ಲಿಗೆ ಮುಗಿಯಿತು. ಅಮ್ಮ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು, ಎದ್ದು ಹೋಗಿ ಕೈ ತೊಳೆದುಕೊಂಡಳು. ಸೆಟ್ಟು ನಡುಮನೆಯನ್ನು ದಾಟಲಿಲ್ಲ. ಮುಂದಿನ ಕೋಣೆಯ ಗಾಜಿನ ಬೀರುವಿನಲ್ಲಿ ಕುಳಿತಿತು. ಅಣ್ಣನ ಕಚೇರಿಯವರು ಬಂದಾಗ ಹೊರಗೆ ಬರುತ್ತಿತ್ತು. 1968ರಲ್ಲಿ ಅಕ್ಕನನ್ನು ನೋಡಲು ಗಂಡಿನವರು ಬಂದಾಗಲೂ ಬಂದಿತ್ತು. ಅಜ್ಜಿ ಹೋಗಿ ಆಗ ಮೂರು ವರ್ಷವಾಗಿತ್ತು. ಅಂದು ಅಕ್ಕ ಹಾಲಿನ ಜಗ್ಗನ್ನು ಹಿಡಿದು ಬಂದಳು. ಹಿಂದೆ ತಟ್ಟೆ ಹಿಡಿದು ಬರುತ್ತಿದ್ದ ನಾನು ಎಡವಿ ಎರಡು ಕಪ್ಪುಗಳನ್ನು ಒಡೆದೆ. ಆ ಸಂಬಂಧವೇ ಕೂಡಿಬಂತೆಂಬುದರಿಂದ ನನಗೆ ಹೆಚ್ಚಿನ ಶಿಕ್ಷೆಯಾಗಲಿಲ್ಲ.

ಅಮ್ಮ ಮಾತ್ರ ಅದರಲ್ಲಿ ಎಂದೂ ಕುಡಿಯಲಿಲ್ಲ. ಅಜ್ಜಿ ಇಲ್ಲವಾದ ಮೇಲೆಯೂ ಇಲ್ಲ, 1981ರಲ್ಲಿ ಅಣ್ಣ ತೀರಿಕೊಂಡ ಮೇಲೆಯೂ ಇಲ್ಲ. ಕೇಳಿದರೆ “ನನಗೆ ಲೋಟವೇ ಅಭ್ಯಾಸ” ಎನ್ನುತ್ತಿದ್ದಳು. ವರ್ಷಕ್ಕೊಮ್ಮೆ, ನವರಾತ್ರಿಗೆ ಮುಂಚೆ ಮನೆ ತೊಳೆಯುವಾಗ, ಬೀರು ತೆಗೆದು ಒಂದೊಂದನ್ನೇ ಸೀಗೆನೀರಿನಲ್ಲಿ ತೊಳೆದು ಒರೆಸಿ ಇಡುತ್ತಿದ್ದಳು. ಒರೆಸಿದ ಕಪ್ಪನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಒಂದು ಗಳಿಗೆ ನೋಡುವುದು ಅವಳ ರೂಢಿ. ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾಳೆಂದು ನಾನು ತಿಳಿದಿದ್ದೆ. ಅಮ್ಮ ಹೋದದ್ದು 1994ರಲ್ಲಿ. ಮೊನ್ನೆ ಮೊನ್ನೆ ಆ ಮನೆ ಕಟ್ಟಡ ಕಟ್ಟುವವರ ಪಾಲಾಗಿ, ಅಣ್ಣತಮ್ಮ ಅಕ್ಕ ಮೂವರೂ ಕುಳಿತು ಪಾತ್ರೆ ಪಡಗಗಳನ್ನು ಹಂಚಿಕೊಂಡೆವು. ಬೆಳ್ಳಿಗೆ ಮೂವರೂ ಕೈ ಚಾಚಿದೆವು, ಕಂಚಿಗೆ ಇಬ್ಬರು. ಪಿಂಗಾಣಿಗೆ ಯಾರೂ ಇಲ್ಲ. “ಇಂಗ್ಲೆಂಡಿಗೆ ಹೇಗೂ ಹೋಗುತ್ತೀಯಲ್ಲ, ಮಾರಿಬಿಡೋ. ಬಂದದ್ದನ್ನು ಮೂರು ಪಾಲು ಮಾಡು” ಎಂದಳು ಅಕ್ಕ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯಲು 1972ರ ಕಾಯಿದೆಯ ಅಡ್ಡಿಯಿದೆ. ನಮ್ಮ ಸೆಟ್ಟಿಗೆ ಅಷ್ಟು ವಯಸ್ಸಾಗಿರಲಿಲ್ಲ. ನನಗಿಂತ ಸ್ವಲ್ಪ ಹಿರಿದು, ಅಷ್ಟೆ.

ಸ್ಟೋಕಿಗೆ ಬಂದ ಮೂರನೆಯ ದಿನ ನಾನು ಚರ್ಚ್ ಬೀದಿಯಲ್ಲಿರುವ ಸ್ಪೋಡ್ ಕಾರ್ಖಾನೆಯ ಹಳೆಯ ಆವರಣಕ್ಕೆ ಹೋದೆ. ಅಜ್ಜಿ ಹೇಳಿದ್ದು ಸರಿಯೆ, ಅಣ್ಣ ಹೇಳಿದ್ದು ಸರಿಯೆ ಎಂಬ ವ್ಯಾಜ್ಯ ಅರವತ್ತು ವರ್ಷಗಳಿಂದ ನನ್ನ ಮನಸ್ಸಿನಲ್ಲಿ ಉಳಿದಿತ್ತು. ಅಲ್ಲಿಯ ವಸ್ತುಸಂಗ್ರಹದಲ್ಲಿ ಅದು ತೀರ್ಮಾನವಾಯಿತು. ಅಜ್ಜಿಯೇ ಗೆದ್ದರು, ಅದೂ ಅರ್ಧಕ್ಕರ್ಧ ಗೆದ್ದರು.

ಚೀನೀಯರ ಪಿಂಗಾಣಿಯ ಗುಟ್ಟಿಗಾಗಿ ಐರೋಪ್ಯರು ಬಹುಕಾಲ ತಡಕಾಡಿದರು. ಎಲುಬಿನ ಬೂದಿಯನ್ನು ಮಣ್ಣಿಗೆ ಬೆರಸುವ ಯುಕ್ತಿಯನ್ನು ಲಂಡನ್ನಿನ ಬಳಿಯ ಬೋ ಎಂಬಲ್ಲಿಯ ಕಾರ್ಖಾನೆಯವರು ಹದಿನೆಂಟನೆಯ ಶತಮಾನದ ನಡುವಿನಲ್ಲಿಯೇ ಪ್ರಯೋಗಿಸಿದ್ದರು. ಅದನ್ನು ಹದಕ್ಕೆ ತಂದವರು ಸ್ಟೋಕಿನ ಸ್ಪೋಡರು. 1790ರ ದಶಕದಲ್ಲಿ ಹಿರಿಯ ಜೊಸಾಯ ಸ್ಪೋಡ್ ಆರಂಭಿಸಿದ ಕೆಲಸವನ್ನು, 1797ರಲ್ಲಿ ಆತ ತೀರಿಕೊಂಡ ಮೇಲೆ, ಅದೇ ಹೆಸರಿನ ಮಗ ಮುಂದುವರಿಸಿದ. ಅವರು ನಿಲ್ಲಿಸಿದ ಪಾಕ ಇಂದಿಗೂ ಹೆಚ್ಚು ಕಡಮೆ ಅದೇ: ಅರ್ಧ ಪಾಲು ಎಲುಬಿನ ಬೂದಿ, ಕಾಲು ಪಾಲು ಕಾರ್ನ್‌ವಾಲ್ ಸೀಮೆಯ ಬಿಳಿ ಜೇಡಿ, ಉಳಿದ ಕಾಲು ಪಾಲು ಅದೇ ಸೀಮೆಯ ಒಂದು ಬಗೆಯ ಕಲ್ಲಿನ ಪುಡಿ. ದನದ ಎಲುಬನ್ನು ಬೇಯಿಸಿ, ಅಂಟು ಜಿಡ್ಡುಗಳನ್ನು ತೆಗೆದು, ಬೆಳ್ಳಗೆ ಬೂದಿಯಾಗುವಂತೆ ಸುಟ್ಟು, ನೀರಿನಲ್ಲಿ ಅರೆಯುತ್ತಾರೆ. ಪಾತ್ರೆಯನ್ನು ಮೊದಲ ಸಲ ಸುಡುವುದು 1200 ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ. ಮೆರುಗು ಹಚ್ಚಿದ ಮೇಲೆ ಅದಕ್ಕಿಂತ ಕಡಮೆ ಶಾಖದಲ್ಲಿ ಮತ್ತೊಮ್ಮೆ. ಬೆಳಕನ್ನು ಒಳಗೆ ಬಿಡುವ ಆ ಹಾಲುಬಿಳುಪು, ತೆಳುವಾಗಿದ್ದರೂ ಬಿಗಿಯಾದ ಆ ಮೈಕಟ್ಟು ಬರುವುದು ಈ ಪಾಕದಿಂದಲೇ. ಅಣ್ಣನ ಮಾತನ್ನು ಉಳಿಸಲು ನಾನು ಎಷ್ಟು ಹುಡುಕಿದರೂ ದಾರಿ ಕಾಣಲಿಲ್ಲ. ಸ್ಪೋಡ್ ಕಾರ್ಖಾನೆಯೂ ಆ ಸ್ಥಳದಲ್ಲಿ ಈಗ ನಡೆಯುತ್ತಿಲ್ಲ. 2008ರಲ್ಲಿ ಅದು ಮುಳುಗಿ, ಮರುವರ್ಷ ಹೆಸರು ಮತ್ತೊಬ್ಬರ ಪಾಲಾಯಿತು.

ಇದೇ ಊರಿನಲ್ಲೇ ಈ ಕಸುಬು ಏಕೆ ಬೆಳೆಯಿತೆಂಬುದಕ್ಕೆ ನನ್ನ ಅಳಿಯ ಒಂದು ಒಳ್ಳೆಯ ಉತ್ತರ ಕೊಟ್ಟ. ಬಿಳಿ ಜೇಡಿ ಈ ನೆಲದಲ್ಲಿ ಸಿಗುವುದಿಲ್ಲ. ದೂರದ ಕಾರ್ನ್‌ವಾಲಿನಿಂದ ಬರಬೇಕು. ಆದರೆ ಕಲ್ಲಿದ್ದಲು ಇಲ್ಲಿಯೇ ಸಿಗುತ್ತದೆ. ಒಂದು ಟನ್ನು ಮಣ್ಣನ್ನು ಸುಡಲು ಹಲವು ಟನ್ನು ಕಲ್ಲಿದ್ದಲು ಬೇಕಾದುದರಿಂದ ಕಲ್ಲಿದ್ದಲನ್ನು ಮಣ್ಣಿನ ಬಳಿಗೆ ಹೊರುವುದಕ್ಕಿಂತ ಮಣ್ಣನ್ನು ಕಲ್ಲಿದ್ದಲಿನ ಬಳಿಗೆ ತರುವುದೇ ಲಾಭ. ಅದಕ್ಕಾಗಿ ತೋಡಿದ ಕಾಲುವೆಗೆ 1766ರಲ್ಲಿ ಮೊದಲ ಗುದ್ದಲಿ ಹಾಕಿದವನೂ ವೆಜ್‌ವುಡ್ಡನೇ. ದಾರಿಯ ಕುಲುಕಾಟದಲ್ಲಿ ಒಡೆಯುತ್ತಿದ್ದ ಪಾತ್ರೆಗಳು ದೋಣಿಯಲ್ಲಿ ನೆಮ್ಮದಿಯಾಗಿ ಹೋಗತೊಡಗಿದವು. ಆ ಕಾಲುವೆಯ ದಂಡೆಯ ಮೇಲೆ ನಾವು ಸಂಜೆ ತಿರುಗಾಡುತ್ತಿದ್ದೆವು. ಈಗ ಅದರಲ್ಲಿ ರಜೆಯ ವಿಹಾರದ ದೋಣಿಗಳೂ ಬಾತುಕೋಳಿಗಳೂ ತೇಲುತ್ತವೆ.

ಬಾತುಕೋಳಿ ಎಂದಾಗ ಇದನ್ನು ಹೇಳಲೇಬೇಕು. ಆ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ‘ಡಕ್’ ಎಂದು ಕರೆಯುತ್ತಾರೆ. ಬಸ್ಸಿನ ಚಾಲಕ ನನ್ನನ್ನು ಬಾತುಕೋಳಿ ಎಂದ; ಅಂಚೆ ಕಚೇರಿಯಲ್ಲಿದ್ದ ಹುಡುಗಿಯೂ ಎಂದಳು. ಎಪ್ಪತ್ತು ದಾಟಿದ, ನಿವೃತ್ತನಾದ, ಊರಿನಲ್ಲಿ ನಾಲ್ಕು ಜನ ‘ಮೇಷ್ಟ್ರೆ’ ಎಂದು ಕೈಮುಗಿಯುವ ಮನುಷ್ಯನಿಗೆ ಮೊದಲ ದಿನ ಇದು ಅಷ್ಟು ರುಚಿಸಲಿಲ್ಲ. ಅದು ಪ್ರೀತಿಯ ಮಾತೆಂದು ಮಗಳು ಸಮಾಧಾನ ಹೇಳಿದಳು. ವಾರ ಕಳೆಯುವಷ್ಟರಲ್ಲಿ, ಯಾರಾದರೂ ಹಾಗೆ ಕರೆಯದಿದ್ದರೆ ನಾನೇ ಏನೋ ತಪ್ಪು ಮಾಡಿದೆನೇ ಎನ್ನಿಸತೊಡಗಿತು. ನನ್ನಾಕೆಯ ಮನಸ್ಸನ್ನು ಗೆದ್ದದ್ದು ಅಲ್ಲಿಯ ಓಟ್‌ಕೇಕು. ಹೆಸರು ಕೇಕಾದರೂ ಅದು ದೋಸೆ. ಓಟ್ಸ್ ಹಿಟ್ಟನ್ನು ಹುಳಿಯೇರಿಸಿ, ಕಾದ ಕಾವಲಿಯ ಮೇಲೆ ಹುಯ್ದು ಎರಡೂ ಕಡೆ ಬೇಯಿಸುತ್ತಾರೆ. ಇಂಡಿಯಾದಲ್ಲಿ ದಂಡಿನಲ್ಲಿದ್ದು ಮರಳಿದ ಸಿಪಾಯಿಗಳು ಚಪಾತಿಯನ್ನು ನೆನೆದು ಮಾಡಿಸಿಕೊಂಡರೆಂದು ಸ್ಥಳೀಯರ ಒಂದು ಕಥೆಯಿದೆ. ಚಪಾತಿಯೋ ದೋಸೆಯೋ, ಚಟ್ನಿ ಮಾತ್ರ ಅವರಿಗೆ ನೆನಪಾಗಲಿಲ್ಲ. ಬದಲಿಗೆ ಗಿಣ್ಣು ಹಾಕಿ ಮಡಿಸಿಕೊಡುತ್ತಾರೆ.

ನಮ್ಮ ಸೆಟ್ಟು ಹುಟ್ಟಿದ್ದು ದಕ್ಷಿಣದ ತುದಿಯಲ್ಲಿರುವ ಲಾಂಗ್ಟನ್ನಿನಲ್ಲಿ. ಸ್ಟೋಕಿನಿಂದ ರೈಲಿನಲ್ಲಿ ಒಂದೇ ನಿಲ್ದಾಣ. ಆರು ಊರುಗಳಲ್ಲಿ ಬೋನ್ ಚೈನಾಕ್ಕೆ ಹೆಸರಾದದ್ದು ಇದು. ಇಲ್ಲಿಯ ಗ್ಲಾಡ್‌ಸ್ಟನ್ ಕುಂಬಾರಿಕೆಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಸೀಸೆಯ ಆಕಾರದ ದೊಡ್ಡ ಇಟ್ಟಿಗೆಯ ಆವಿಗೆಗಳು ನಿಂತಿವೆ. ಇಂತಹವು ಒಂದು ಕಾಲದಲ್ಲಿ ಈ ಊರುಗಳಲ್ಲಿ ಸುಮಾರು ಎರಡು ಸಾವಿರ ಇದ್ದುವಂತೆ. ಈಗ ಉಳಿದಿರುವುದು ನಲವತ್ತೇಳು. ಒಂದರ ಒಳಗೆ ಹೋಗಿ ನಿಂತು ಮೇಲೆ ನೋಡಿದರೆ ಬಾವಿಯ ತಳದಲ್ಲಿ ನಿಂತು ಆಕಾಶದ ತುಂಡನ್ನು ನೋಡಿದಂತೆ. ಪಾತ್ರೆಗಳನ್ನು ‘ಸ್ಯಾಗರ್’ ಎಂಬ ಮಣ್ಣಿನ ಡಬ್ಬಿಗಳಲ್ಲಿ ತುಂಬಿ, ಆ ಡಬ್ಬಿಗಳನ್ನು ತಲೆಯ ಮೇಲೆ ಹೊತ್ತು ಏಣಿ ಹತ್ತಿ ಸಾಲಾಗಿ ಪೇರಿಸುತ್ತಿದ್ದರು. ಬಾಗಿಲು ಮುಚ್ಚಿ ಬೆಂಕಿ ಹಾಕಿದರೆ ಎರಡು ಮೂರು ದಿನ ಉರಿ. ಊರಿನ ಮೇಲೆ ಕರಿಯ ಹೊಗೆ ಹಗಲನ್ನೇ ಮುಚ್ಚುತ್ತಿತ್ತು. ಕಲ್ಲಿನ ಹುಡಿಯನ್ನು ಉಸಿರಾಡಿದವರಿಗೆ ಶ್ವಾಸಕೋಶದ ಕಾಯಿಲೆ, ಮೆರುಗಿನ ಸೀಸದಲ್ಲಿ ಕೈಯದ್ದುವವರಿಗೆ ಸೀಸದ ವಿಷ. 1956ರ ವಾಯುಶುದ್ಧಿಯ ಕಾಯಿದೆಯ ಅನಂತರ ವಿದ್ಯುತ್ತು ಅನಿಲಗಳ ಒಲೆಗಳು ಬಂದು ಈ ಆವಿಗೆಗಳು ಆರಿದವು. ಹೇಗೆ ಸುಡುತ್ತಿದ್ದರೆಂಬುದು ಮರೆತುಹೋಗಬಾರದೆಂದು ಹಳೆಯ ಕೆಲಸಗಾರರನ್ನು ಕೂಡಿಸಿ 1978ರಲ್ಲಿ ಲಾಂಗ್ಟನ್ನಿನಲ್ಲಿ ಕಡೆಯ ಬಾರಿ ಒಂದನ್ನು ಉರಿಸಿದರು.

ಷೆಲ್ಲಿ ಎಂಬ ಹೆಸರೂ ಈಗ ಹಳೆಯದು. 1966ರಲ್ಲಿ ಅದನ್ನು ಮತ್ತೊಂದು ದೊಡ್ಡ ಕೂಟದವರು ಕೊಂಡ ಮೇಲೆ ಆ ಹೆಸರಿನ ಪಾತ್ರೆಗಳು ನಿಂತುಹೋದವು.  

ಮಾರಾಟದ ಏರ್ಪಾಡನ್ನೆಲ್ಲ ಮಗಳೇ ಮಾಡಿದ್ದಳು. ಭಾನುವಾರಗಳಲ್ಲಿ ಅಲ್ಲಲ್ಲಿ ಶಾಲೆಯ ಹಾಲಿನಲ್ಲೋ ಪುರಭವನದಲ್ಲೋ ಹಳೆಯ ಸಾಮಾನುಗಳ ಸಂತೆ ನಡೆಯುತ್ತದೆ. ಇಪ್ಪತ್ತು ಪೌಂಡು ಕೊಟ್ಟರೆ ಒಂದು ಮೇಜು, ಎರಡು ಕುರ್ಚಿ. ಬೆಳಗ್ಗೆ ಏಳು ಗಂಟೆಗೆ ನಾನೂ ನನ್ನಾಕೆಯೂ ಪಂಚೆಯ ತುಂಡುಗಳನ್ನು ಬಿಚ್ಚಿ, ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಹತ್ತೊಂಬತ್ತನ್ನೂ ಜೋಡಿಸಿ, ಮದುವೆಮನೆಯಲ್ಲಿ ಬೀಗರಿಗೆ ಕಾಯುವವರಂತೆ ಕುಳಿತೆವು. ‘ಪೂರ್ತಿ ಸೆಟ್ಟಿಗೆ ಎಂಬತ್ತು ಪೌಂಡು’ ಎಂದು ಒಂದು ಚೀಟಿ ಬರೆದಿಟ್ಟಿದ್ದೆ.

ಪಕ್ಕದ ಮೇಜಿನಲ್ಲಿ ಒಬ್ಬ ಮುದುಕಿ. ನನಗಿಂತ ನಾಲ್ಕೈದು ವರ್ಷ ಹಿರಿಯಳಿರಬೇಕು. ಲಾಂಗ್ಟನ್ನಿನವಳೇ. ಚೀಟಿಯನ್ನು ಓದಿ ನಕ್ಕು, “ಡಕ್, ಆ ಚೀಟಿಯನ್ನು ತೆಗೆದುಬಿಡಿ” ಎಂದಳು. ಸೆಟ್ಟು ಯಾರಿಗೂ ಬೇಡ. ಈಗಿನವರು ದೊಡ್ಡ ಮಗ್ಗಿನಲ್ಲಿ ಟೀ ಕುಡಿಯುತ್ತಾರೆ. ಚಿನ್ನದ ಅಂಚಿನ ಪಿಂಗಾಣಿಯನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವಂತಿಲ್ಲ. ಆರು ಜನರನ್ನು ಕೂರಿಸಿ ಉಪಚರಿಸುವ ಮನೆಯೂ ಇಲ್ಲ, ಬಿಡುವೂ ಇಲ್ಲ. ಆದರೆ ಒಂದು ಬಸಿ ಒಡೆದುಕೊಂಡವರು ಆ ಒಂದು ಬಸಿಗಾಗಿ ಊರೂರು ಅಲೆಯುತ್ತಾರೆ. ಆದುದರಿಂದ ಬಿಡಿಬಿಡಿಯಾಗಿ ಮಾರಬೇಕು. ಕಪ್ಪು, ಬಸಿ, ಸಣ್ಣ ತಟ್ಟೆ ಮೂರೂ ಕೂಡಿದರೆ ಅದಕ್ಕೆ ‘ಟ್ರಿಯೋ’ ಎಂದು ಹೆಸರು, ಅದಕ್ಕೆ ಗಿರಾಕಿಯುಂಟು. ಸಾಮಾನ್ಯವಾಗಿ ಮೊದಲು ಒಡೆಯುವುದು ಕಪ್ಪು, ಆದುದರಿಂದ ಹಳೆಯ ಸೆಟ್ಟುಗಳಲ್ಲಿ ಬಸಿ ಮಿಗುತ್ತದೆ. ಟೀ ಪಾತ್ರೆಯಿದ್ದರೆ ಅದರ ಬೆಲೆಯೇ ಬೇರೆ. ಇಪ್ಪತ್ತೊಂದರ ಸೆಟ್ಟಿನಲ್ಲಿ ಅದು ಮೊದಲಿನಿಂದಲೂ ಇರುವುದಿಲ್ಲ.

ಹೀಗೆ ಹೇಳುತ್ತಲೇ ಅವಳು ನಮ್ಮ ಕಪ್ಪೊಂದನ್ನು ಎತ್ತಿಕೊಂಡಳು. ಮೊದಲು ಮಗುಚಿ ತಳವನ್ನು ಓದಿದಳು. ಆ ಊರಿನವರಿಗೆಲ್ಲ ಇದು ಚಾಳಿ. ನೆಂಟರ ಮನೆಗೆ ಊಟಕ್ಕೆ ಹೋದರೂ ತಟ್ಟೆಯನ್ನು ಮಗುಚಿ ಯಾರು ಮಾಡಿದ್ದೆಂದು ನೋಡುತ್ತಾರೆಂದು ಅವರನ್ನು ಅವರೇ ಹಾಸ್ಯ ಮಾಡಿಕೊಳ್ಳುತ್ತಾರೆ. ತಳದಲ್ಲಿ ಇಂಗ್ಲೆಂಡ್ ಎಂದು ದೇಶದ ಹೆಸರು ಬರೆಯುವ ರೂಢಿ ಬಂದದ್ದು ಅಮೆರಿಕದ 1890ರ ಸುಂಕದ ಕಾಯಿದೆಯ ದೆಸೆಯಿಂದ. ‘ಫೈನ್ ಬೋನ್ ಚೈನಾ’ ಎಂದು ಷೆಲ್ಲಿಯವರು ಸೇರಿಸಿದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಆಮೇಲೆ ಅಂಚಿನ ಸುತ್ತ ಬೆರಳಾಡಿಸಿದಳು; ಕಣ್ಣಿಗೆ ಕಾಣದ ಚಕ್ಕೆ ಬೆರಳಿಗೆ ಸಿಗುತ್ತದೆ. ಉಗುರಿನಿಂದ ಮೀಟಿದಳು, ಗಂಟೆಯಂತೆ ಟಿಣ್ ಎಂದಿತು. ಬಸಿಗಳನ್ನೂ ಮೀಟಿದಳು, ಐದು ಟಿಣ್ ಎಂದುವು, ಆರನೆಯದು ಟಪ್ ಎಂದಿತು. ಕೂದಲೆಳೆಯಷ್ಟು ಬಿರುಕು. “ಇದನ್ನು ಮಾರಬೇಡಿ” ಎಂದು ಬೇರೆ ಇಟ್ಟಳು. ಕಡೆಗೆ ಕಪ್ಪನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಕಪ್ಪಿನ ಆಚೆ ಅವಳ ನಾಲ್ಕು ಬೆರಳುಗಳ ನೆರಳು, ತೆಳುವಾದ ಮೋಡದ ಹಿಂದಿನ ಮರದ ಕೊಂಬೆಗಳಂತೆ, ಒಳಮೈಯಲ್ಲಿ ಮೂಡಿತು.

ನನ್ನಾಕೆ ನನ್ನ ಮುಖವನ್ನು ನೋಡಿದಳು. ಅತ್ತೆ ನವರಾತ್ರಿಯಲ್ಲಿ ಹಾಗೆ ಹಿಡಿದು ನಿಲ್ಲುತ್ತಿದ್ದುದನ್ನು ಅವಳೂ ಬಲ್ಲಳು. ಬಿರುಕು ನೋಡುವುದಕ್ಕಲ್ಲ.

ಆ ಮುದುಕಿಯ ತಾಯಿ ಲಾಂಗ್ಟನ್ನಿನ ಒಂದು ಕಾರ್ಖಾನೆಯಲ್ಲಿ ಅಂಚಿಗೆ ಗೆರೆಯೆಳೆಯುವ ಕೆಲಸ ಮಾಡುತ್ತಿದ್ದಳಂತೆ. ತಿರುಗುವ ಚಕ್ರದ ಮೇಲೆ ಬಸಿಯನ್ನಿಟ್ಟು ಕುಂಚ ಮುಟ್ಟಿಸಿದರೆ ಒಂದೇ ಉಸಿರಿನಲ್ಲಿ ಸುತ್ತಲೂ ಗೆರೆ ಮುಗಿಯಬೇಕು; ಕೈ ನಡುಗಿದರೆ ಆ ಬಸಿ ಕೆಟ್ಟಂತೆ. ಯುದ್ಧದ ನಡುವೆ, 1942ರಲ್ಲಿ, ಸರಕಾರ ಒಂದು ಕಟ್ಟಳೆ ಮಾಡಿತು: ಹೂವು, ಬಣ್ಣ, ಗೆರೆ ಇರುವ ಪಿಂಗಾಣಿಯೆಲ್ಲ ಪರದೇಶಕ್ಕೆ, ಸ್ವದೇಶದ ಜನಕ್ಕೆ ಬರಿಯ ಬಿಳಿಯದು. ಯುದ್ಧ ಮುಗಿದರೂ ಸಾಲ ತೀರಿಸಲು ಹಣ ಬೇಕಲ್ಲ. ಕಟ್ಟಳೆ 1952ರವರೆಗೂ ಉಳಿಯಿತು. “ನನ್ನ ತಾಯಿ ದಿನವಿಡೀ ನೀಲಿ ಗೆರೆ ಎಳೆದು ಮನೆಗೆ ಬಂದು ಬೋಳು ಕಪ್ಪಿನಲ್ಲಿ ಟೀ ಕುಡಿಯುತ್ತಿದ್ದಳು. ಆ ಹೂವಿನ ಕಪ್ಪುಗಳಲ್ಲಿ ಕುಡಿಯುವವರು ಯಾರೋ ಎಂದು ಆಶ್ಚರ್ಯಪಡುತ್ತಿದ್ದಳು. ನಿಮ್ಮ ಮನೆಯವರೇ ಇರಬೇಕು!” ಎಂದು ಅವಳು ನಕ್ಕಳು.

ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಎಲುಬಿನ ಕಥೆಯನ್ನು ಅವಳಿಗೆ ಹೇಳುವಷ್ಟು ಧೈರ್ಯ ಬರಲಿಲ್ಲ.

ಚೀಟಿ ಹರಿದು ಬಿಡಿ ಬೆಲೆಗಳನ್ನು ಬರೆದೆ. ಹತ್ತು ಗಂಟೆಗೆ ವ್ಯಾಪಾರ ಕುದುರಿತು. ಮೊದಲ ಗಿರಾಕಿ, ಉದ್ದ ಕೋಟಿನ ಒಬ್ಬ ಮುದುಕ, ಜೇಬಿನಿಂದ ಒಂದು ಉಣ್ಣೆಯ ಕಾಲುಚೀಲವನ್ನು ತೆಗೆದ. ಅದರೊಳಗೆ ನಮ್ಮದೇ ಬಗೆಯ ಒಂದು ಕಪ್ಪು. ನಾಲ್ಕೈದು ಬಸಿಗಳ ಮೇಲೆ ಅದನ್ನಿಟ್ಟು ನೋಡಿ, ಒಂದನ್ನು ಆರಿಸಿ, ಎರಡು ಪೌಂಡು ಕೊಟ್ಟು, ಕಾಲುಚೀಲವನ್ನು ಕಪ್ಪಿಗೆ ಮರಳಿ ತೊಡಿಸಿ ಹೋದ. ಅಷ್ಟರಲ್ಲಿ ಅವನು ಆಡಿದ ಮಾತು ಒಂದೇ: “ಅವಳಿಗೆ ತಿಳಿಯಬಾರದು.” ಅನಂತರ ಟೀ ಅಂಗಡಿ ನಡೆಸುವ ಒಬ್ಬ ಹೆಂಗಸು ಎರಡು ಟ್ರಿಯೋಗಳನ್ನು ಇಪ್ಪತ್ತು ಪೌಂಡಿಗೆ ಒಯ್ದಳು. ಒಂದಕ್ಕೊಂದು ಹೊಂದದ ಹಳೆಯ ಕಪ್ಪುಗಳಲ್ಲಿ ಟೀ ಕೊಡುವುದು ಅಲ್ಲಿ ಈಗಿನ ಷೋಕಿ. ಸಂಗ್ರಹಕಾರರಾದ ದಂಪತಿಗಳು ಒಂದು ಟ್ರಿಯೋ ಮತ್ತು ಸಕ್ಕರೆಯ ಬಟ್ಟಲನ್ನು ಹದಿನಾರಕ್ಕೆ ಕೊಂಡರು. ಈ ಅಲೆಯಂಚಿನ ಆಕಾರಕ್ಕೆ ‘ಡೈಂಟಿ’ ಎಂದು ಹೆಸರು, 1896ರಷ್ಟು ಹಳೆಯದು ಎಂದು ನನಗೆ ತಿಳಿಸಿದವರು ಅವರೇ. ಅವರ ವಿದ್ವತ್ತನ್ನು ಕೇಳಿ ನಾಲ್ಕು ಪೌಂಡು ಹೆಚ್ಚು ಕೇಳಬೇಕಿತ್ತೆಂದು ನನ್ನಾಕೆ ಕನ್ನಡದಲ್ಲಿ ಗೊಣಗಿದಳು. ಹದಿನೆಂಟು ಇಪ್ಪತ್ತರ ಒಬ್ಬ ಹುಡುಗಿ ಹಾಲಿನ ಜಗ್ಗನ್ನು ಎಂಟು ಪೌಂಡಿಗೆ ತೆಗೆದುಕೊಂಡಳು.

ಉಳಿದ ಮೂರು ತಟ್ಟೆಗಳನ್ನೂ ದೊಡ್ಡ ತಟ್ಟೆಯನ್ನೂ ಕೇಳಿದವಳು ಬಹಳ ಗಟ್ಟಿಗಿತ್ತಿ. ಒಂಬತ್ತು ಪೌಂಡಿಗಿಂತ ಮೇಲೆ ಏಳಲಿಲ್ಲ. ಏತಕ್ಕೆಂದು ಕೇಳಿದೆ. ಮುಚ್ಚುಮರೆಯಿಲ್ಲದೆ ಹೇಳಿದಳು: ನಡುವೆ ತೂತು ಕೊರೆದು, ಕಂಬಿ ತೂರಿಸಿ, ಒಂದರ ಮೇಲೊಂದು ನಿಲ್ಲಿಸಿ ಕೇಕು ಇಡುವ ಗೋಪುರ ಮಾಡುತ್ತಾಳೆ. ಮದುವೆಗಳಲ್ಲಿ ಅದಕ್ಕೆ ಬೇಡಿಕೆಯಂತೆ. ವಾಚಕರಲ್ಲಿ ಕೆಲವರು ನಾನು ಕೊಡಲಿಲ್ಲವೆಂದು ಹೇಳುತ್ತೇನೆಂದು ಕಾಯುತ್ತಿರಬಹುದು. ಕೊಟ್ಟೆ. ಗಂಟೆ ಮೂರಾಗಿತ್ತು, ಸೊಂಟ ನೋಯುತ್ತಿತ್ತು, ಮರಳಿ ಹೊತ್ತು ತಂದರೂ ಇಡಲು ಬೀರುವಿರಲಿಲ್ಲ. ಪಕ್ಕದ ಮುದುಕಿ ಮಾತ್ರ ಆ ಹೆಂಗಸು ಹೋಗುವವರೆಗೂ ತನ್ನ ಮೇ‍ಜಿನ ಮೇಲಿನ ಧೂಳನ್ನು ಒರೆಸುತ್ತಿದ್ದಳು, ತಲೆಯೆತ್ತಲಿಲ್ಲ. ನಾನು ಹಣವನ್ನು ಎರಡು ಸಲ ಎಣಿಸಿದೆ.

ಸಂತೆ ಮುಗಿಯುವ ಹೊತ್ತಿಗೆ ಉಳಿದದ್ದು ಮೂರು: ಒಂದು ಕಪ್ಪು, ಒಂದು ಒಳ್ಳೆಯ ಬಸಿ, ಬಿರುಕಿನ ಬಸಿ. ಕೊನೆಯಲ್ಲಿ ಬಂದವನೊಬ್ಬ ಕಪ್ಪು-ಬಸಿಗೆ ಏಳು ಪೌಂಡು ಕೊಡುತ್ತೇನೆಂದ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನಾಕೆ, ಇಡೀ ದಿನ ಇಂಗ್ಲಿಷಿನಲ್ಲಿ ಒಂದು ಮಾತೂ ಆಡದಿದ್ದವಳು, “ನೋ” ಎಂದು ಪಂಚೆಯ ತುಂಡನ್ನು ಸುತ್ತತೊಡಗಿದಳು.

ಒಟ್ಟು ಐವತ್ತೈದು ಪೌಂಡು. ಮೇಜಿನ ಬಾಡಿಗೆ ಕಳೆದು ಮೂವತ್ತೈದು. ಆ ರಾತ್ರಿ ಅಳಿಯನ ಫೋನಿನಲ್ಲಿ ಬೆಂಗಳೂರಿನ ಅಕ್ಕನಿಗೆ ಲೆಕ್ಕ ಒಪ್ಪಿಸಿದೆ. ನಿನ್ನ ಪಾಲು ಹನ್ನೊಂದು ಪೌಂಡು ಚಿಲ್ಲರೆ ಎಂದಾಗ ಅವಳು ಗಟ್ಟಿಯಾಗಿ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

“ಜಗ್ಗನ್ನೂ ಕೊಟ್ಟುಬಿಟ್ಟೆಯೇನೋ?”

“ಕೊಟ್ಟೆ ಅಕ್ಕ. ನೀನೇ ಅಲ್ಲವೆ ಎಲ್ಲ ಮಾರಿಬಿಡು ಎಂದದ್ದು?”

“ಅಂದೆ, ಅಂದೆ. ಯಾರು ತೆಗೆದುಕೊಂಡರು?”

ಒಬ್ಬ ಹುಡುಗಿ, ಹೂವಿಡುವುದಕ್ಕಂತೆ ಎಂದೆ.

“ಅಷ್ಟು ಸಣ್ಣದರಲ್ಲಿ ಎಷ್ಟು ಹೂವು ಹಿಡಿಸೀತು?” ಎಂದಳು ಅಕ್ಕ. ಆಮೇಲೆ ನನ್ನಾಕೆಗೆ ಫೋನು ಕೊಡೆಂದು ಹೇಳಿ, ಅಲ್ಲಿಯ ಚಳಿಯ ವಿಚಾರ ಕೇಳತೊಡಗಿದಳು.